ಕೋಚ್ ಹೇಳಿದರು ಅಂತ ತಲೆಯಾಡಿಸಬೇಡ

ದಾವಣಗೆರೆಯಿಂದ ಒಬ್ಬ ತಮ್ಮ ಕೇಳಿದ್ದಾನೆ: "ಅಣ್ಣಾ, ಆಗಸ್ಟ್‌ನಲ್ಲಿ ಡಲ್ಲಾಸ್‌ಗೆ ಎಂ.ಎಸ್. ಮಾಡೋಕೆ ಬರ್ತಿದ್ದೀನಿ. ಯೂನಿವರ್ಸಿಟಿಯ ಅಮೆರಿಕನ್ ಫುಟ್‌ಬಾಲ್ ಹುಡುಗರಿಗೆ ಗಣಿತ ಹೇಳಿಕೊಡೋ ಕೆಲಸ ಸಿಗೋ ಹಾಗಿದೆ. ಅಲ್ಲಿ ಕಳ್ಳದುಡ್ಡಿನ ವ್ಯವಹಾರ ಅಂತಾರಲ್ಲ, ಸೇರಲಾ? ಮನೆ, ಊಟ, ಚಳಿ ಬಗ್ಗೆನೂ ಹೇಳಿ."

ಚಳಿಗೆ ಹೆದರಬೇಡ, ಇಲ್ಲಿ ಬಿಸಿಲೇ ಜಾಸ್ತಿ. ಬೇಳೆ, ಸಾರಿನಪುಡಿ ಎಲ್ಲ ಪಕ್ಕದೂರುಗಳಾದ ಅರ್ವಿಂಗ್, ಪ್ಲೇನೋ ಅಂಗಡಿಗಳಲ್ಲಿ ಸಿಗುತ್ತದೆ. ನಿಮ್ಮೂರಿನ ಬೆಣ್ಣೆದೋಸೆ ಮಾತ್ರ ಮರೆತುಬಿಡು. ಮನೆಗೆ ಸೀನಿಯರ್‌ಗಳನ್ನು ಹಿಡಿ.

ಕೆಲಸಕ್ಕೆ ಸೇರು. ಎಫ್-1 ವೀಸಾದಲ್ಲಿ ಕ್ಲಾಸು ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ದುಡಿಯಬಹುದು. ನಾನೂ 1998ರಲ್ಲಿ ಬಂದಾಗ ಇದೇ ಕೆಲಸ ಮಾಡಿದೆ. ಕೋಚ್ ಒಳಗೆ ಬಂದರೆ ನೂರು ಕೆ.ಜಿ. ಹುಡುಗರು ಟೋಪಿ ತೆಗೆದು ಎದ್ದು ನಿಲ್ಲುತ್ತಿದ್ದರು. ನನಗೆ ನಮ್ಮ ಹೈಸ್ಕೂಲಿನ ಪಿ.ಟಿ. ಮೇಷ್ಟ್ರೇ ಕಂಡಂತಾಯಿತು. ಕಬಡ್ಡಿ ಹುಡುಗರಿಗೆ ಕೈಯಿಂದ ಖರ್ಚು ಮಾಡಿ ಚಿತ್ರಾನ್ನ ಕೊಡಿಸುತ್ತಿದ್ದ ಮನುಷ್ಯ ಅವರು. (ಆಗ ಇಲ್ಲಿ ಕಾಲೇಜು ಆಟಗಾರರಿಗೆ ಸ್ಕಾಲರ್‌ಶಿಪ್ ಬಿಟ್ಟು ಕೈಯಿಂದ ದುಡ್ಡು, ಉಡುಗೊರೆ ಕೊಡುವಂತಿರಲಿಲ್ಲ. ಮೇಷ್ಟ್ರು ಇಲ್ಲಿದ್ದಿದ್ದರೆ ಅಷ್ಟಕ್ಕೇ ನೋಟಿಸ್ ಬರುತ್ತಿತ್ತು!)

ನನ್ನ ಹತ್ತಿರ ಒಬ್ಬ ಹುಡುಗ ಬರುತ್ತಿದ್ದ. ಮೊಣಕಾಲಿಗೆ ಐಸ್ ಕಟ್ಟಿಕೊಂಡೇ ಕೂರುತ್ತಿದ್ದ. ನೀರು ತೊಟ್ಟಿಕ್ಕಿ ನೆಲವೆಲ್ಲ ಒದ್ದೆ. ಅವನ ಅಮ್ಮನ ಮನೆ ಬಾಡಿಗೆಯನ್ನು ಒಬ್ಬ ಬೂಸ್ಟರ್ ಕಟ್ಟುತ್ತಿದ್ದ. ಬೂಸ್ಟರ್ ಅಂದರೆ ತಂಡದ ಹುಚ್ಚಿರುವ ಸಾಹುಕಾರ, ಹೆಚ್ಚಾಗಿ ಹಳೇ ವಿದ್ಯಾರ್ಥಿ. ಕೋಚ್‌ಗೆ ಗೊತ್ತಾ ಅಂದೆ. "ನನ್ನ ಕಿವಿಗೆ ಮಾತ್ರ ಹಾಕಬೇಡ ಅಂದಿದ್ದಾರೆ" ಅಂದ. ವಿಷಯ ಹೊರಬಿತ್ತು. ಹುಡುಗನ ಸ್ಕಾಲರ್‌ಶಿಪ್ ಹೋಯಿತು, ಕ್ರಿಸ್‌ಮಸ್ ಹೊತ್ತಿಗೆ ಊರಿಗೆ ಹೋದ. ಮುಂದಿನ ಸೀಸನ್ನಿನಲ್ಲಿ ಅದೇ ಕೋಚ್ ಇನ್ನೊಂದು ಕಾಲೇಜಿನ ಟೋಪಿ ಹಾಕಿಕೊಂಡು ಟಿ.ವಿ.ಯಲ್ಲಿ ಶಿಸ್ತಿನ ಬಗ್ಗೆ ಮಾತಾಡುತ್ತಿದ್ದರು. ಇಷ್ಟು ವರ್ಷವಾದರೂ ನನಗೆ ಅದು ಜೀರ್ಣವಾಗಿಲ್ಲ.

ನೀನು ಬರುವ ಊರಿನ ಕಥೆಯೇ ಕೇಳು. ಇಲ್ಲಿನ ಸದರ್ನ್ ಮೆಥಡಿಸ್ಟ್ ಯೂನಿವರ್ಸಿಟಿ ಆಟಗಾರರಿಗೆ ಕದ್ದು ದುಡ್ಡು ಕೊಟ್ಟದ್ದಕ್ಕೆ 1985ರಲ್ಲೇ ಸಿಕ್ಕಿಬಿದ್ದಿತ್ತು. ಆದರೂ ಮುಂದಿನ ಒಂದು ವರ್ಷದಲ್ಲಿ 13 ಆಟಗಾರರಿಗೆ ಒಟ್ಟು 61,000 ಡಾಲರ್ ಹೋಯಿತು. ಮಾತು ಕೊಟ್ಟುಬಿಟ್ಟಿದ್ದೇವೆ, ನಿಲ್ಲಿಸಿದರೆ ಹುಡುಗರು ಬಾಯಿಬಿಡುತ್ತಾರೆ ಅನ್ನುವ ಭಯ. 1987ರಲ್ಲಿ ಕಾಲೇಜು ಆಟಗಳ ನಿಯಮ ನೋಡಿಕೊಳ್ಳುವ ಸಂಸ್ಥೆ ಎನ್‌ಸಿಎಎ ಆ ವರ್ಷದ ಆಟವನ್ನೇ ರದ್ದು ಮಾಡಿತು. 1988ರದ್ದನ್ನು ಕಾಲೇಜೇ ಕೈಬಿಟ್ಟಿತು. ದುಡ್ಡು ಮುಂದುವರಿಸಲು ಒಪ್ಪಿದವರಲ್ಲಿ ತಾನೂ ಒಬ್ಬ ಅಂತ ಆಡಳಿತ ಮಂಡಳಿಯ ಮಾಜಿ ಮುಖ್ಯಸ್ಥ ಬಿಲ್ ಕ್ಲೆಮೆಂಟ್ಸ್ ಒಪ್ಪಿಕೊಂಡರು. ಆಗ ಅವರು ಟೆಕ್ಸಾಸ್ ಗವರ್ನರ್! ಕೋಚ್ ಬಾಬಿ ಕಾಲಿನ್ಸ್ ರಾಜೀನಾಮೆ ಕೊಟ್ಟು ಐದೂವರೆ ಲಕ್ಷ ಡಾಲರ್ ಪರಿಹಾರ ತೆಗೆದುಕೊಂಡು ಹೋದರು. ಹದಿಮೂರು ಹುಡುಗರಿಗೆ ಸಿಕ್ಕಿದ್ದರ ಒಂಬತ್ತು ಪಟ್ಟು. ಆಮೇಲೆ ಅವರಿಗೆ ಎಲ್ಲೂ ಹೆಡ್ ಕೋಚ್ ಕೆಲಸ ಸಿಗಲಿಲ್ಲ ಅನ್ನುವುದನ್ನೂ ಹೇಳಬೇಕು.

ಒಹಾಯೋ ಸ್ಟೇಟ್ ಯೂನಿವರ್ಸಿಟಿಯ ಕೋಚ್ ಜಿಮ್ ಟ್ರೆಸೆಲ್ ದುಡ್ಡು ಕೊಟ್ಟವರಲ್ಲ. ಹುಡುಗರು ಉಂಗುರ, ಜೆರ್ಸಿ ಕೊಟ್ಟು ಹಚ್ಚೆ ಹಾಕಿಸಿಕೊಂಡದ್ದು ಇ-ಮೇಲ್‌ನಲ್ಲಿ ತಿಳಿದಿದ್ದರೂ ಮುಚ್ಚಿಟ್ಟರು. 2011ರಲ್ಲಿ ರಾಜೀನಾಮೆ ಕೊಡಬೇಕಾಯಿತು. ಅದೇ ಟ್ರೆಸೆಲ್ 2025ರಲ್ಲಿ ಒಹಾಯೋದ ಲೆಫ್ಟಿನೆಂಟ್ ಗವರ್ನರ್ ಆದರು.

ಈಗ ಕಾಲ ಬದಲಾಗಿದೆ. 2021ರಿಂದ ಆಟಗಾರರು ಜಾಹೀರಾತಿನಲ್ಲಿ ದುಡಿಯಬಹುದು. 2025ರಿಂದ ಕಾಲೇಜುಗಳೇ ನೇರವಾಗಿ ದುಡ್ಡು ಕೊಡಬಹುದು. ಅಂದು ಲಕೋಟೆಯಲ್ಲಿ ಹೋಗುತ್ತಿದ್ದದ್ದು ಇಂದು ಬ್ಯಾಂಕಿಗೆ ಬರುತ್ತದೆ. ಆದರೆ ಸಡಿಲವಾದದ್ದು ಅವರ ನಿಯಮ, ನಿನ್ನ ವೀಸಾದ್ದಲ್ಲ. ಕೈಗೆ ಕ್ಯಾಶ್ ಕೊಟ್ಟು "ಹೊರಗಡೆ ಎರಡು ಗಂಟೆ ಹೇಳಿಕೊಡು" ಅಂದರೆ ಬೇಡ ಅನ್ನು. ಯಾರು ಏನೇ ಹೇಳಿದರೂ ಯೂನಿವರ್ಸಿಟಿಯಲ್ಲಿ ನಿಯಮ ಪಾಲನೆ ನೋಡಿಕೊಳ್ಳುವ ಕಾಂಪ್ಲಯನ್ಸ್ ಆಫೀಸಿಗೆ ಇ-ಮೇಲ್ ಮಾಡಿ ಕೇಳು. ದೊಡ್ಡವರಿಗೆ ಎದುರಾಡಬಾರದು ಅಂತ ಬೆಳೆದವರು ನಾವು, ಇಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ.

ಹುಡುಗರ ಹೋಮ್‌ವರ್ಕ್ ಮಾತ್ರ ನೀನು ಬರೆದುಕೊಡಬೇಡ. ಮಿಸೌರಿ ಯೂನಿವರ್ಸಿಟಿಯಲ್ಲಿ ಒಬ್ಬ ಟ್ಯೂಟರ್ 12 ಆಟಗಾರರ ಕೆಲಸ ಮಾಡಿಕೊಟ್ಟಿದ್ದಕ್ಕೆ 2019ರಲ್ಲಿ ಇಡೀ ಫುಟ್‌ಬಾಲ್ ತಂಡ ಸೀಸನ್ ಕೊನೆಯ ದೊಡ್ಡ ಪಂದ್ಯಗಳಾದ ಬೌಲ್ ಆಟಗಳಿಂದ ಹೊರಬಿತ್ತು. ಸೇರುವಾಗ ನಿನಗೂ ನಿಯಮದ ಹಾಳೆ ಕೊಟ್ಟು ಸಹಿ ಕೇಳಬಹುದು. ರೂಮಿಗೆ ತಂದು ಪೂರ್ತಿ ಓದು, ಅರ್ಥವಾಗದಿದ್ದರೆ ನನಗೆ ಫೋನ್ ಮಾಡು, ಆಮೇಲೆ ಸಹಿ ಹಾಕು.