ಪ್ರತಿಕ್ರಿಯೆ: ಕಾಂಪ್ಲೆಕ್ಸಿನ ಟಾಕೀಸು ಮುಚ್ಚಿದ್ದು ಮೊಬೈಲಿನಿಂದಲೇ?

ಹುಬ್ಬಳ್ಳಿಯ ನಮ್ಮ ಬಡಾವಣೆಯ ಕಾಂಪ್ಲೆಕ್ಸಿನಲ್ಲಿದ್ದ ಟಾಕೀಸನ್ನು ಮೊಬೈಲು ಮುಚ್ಚಿಸಿತೇ ಎಂದು ಕೇಳಿದ್ದೀರಿ. ಮೊಬೈಲನ್ನು ಬಯ್ಯುವುದು ಸುಲಭ; ರೋಗ ಅದಕ್ಕಿಂತ ಹಳೆಯದು. ಆ ಟಾಕೀಸಿಗೆ ಜೀವ ಕೊಟ್ಟಿದ್ದೇ ಕೆಳಗಿನ ಅಂಗಡಿಗಳು: ಸೀರೆ ಖರೀದಿ, ಮ್ಯಾಟಿನಿ, ಆಮೇಲೆ ಗಿರಮಿಟ್ಟು. ಅಂಗಡಿಗಳು ಖಾಲಿಯಾದಂತೆ ಪ್ರೇಕ್ಷಕರೂ ಕರಗಿದರು. ದೊಡ್ಡ ಸಭಾಂಗಣ, ಒಂದೇ ಪರದೆ; ಮಂಗಳವಾರ ನಲವತ್ತು ಜನ ಬಂದರೂ ಫ್ಯಾನುಗಳೆಲ್ಲ ತಿರುಗಲೇಬೇಕು. ಮಲ್ಟಿಪ್ಲೆಕ್ಸಿನವರು ಜನ ಕಡಿಮೆ ಬರುವ ಚಿತ್ರವನ್ನು ಸಣ್ಣ ಪರದೆಗೆ ತಳ್ಳಿ ಪಾರಾಗುತ್ತಾರೆ. ರೀಲು ಹೋಗಿ ಡಿಜಿಟಲ್ ಬಂದ ಮೇಲೆ ಹೊಸ ಚಿತ್ರ ಎಲ್ಲ ಊರುಗಳಲ್ಲೂ ಒಂದೇ ಶುಕ್ರವಾರ ತೆರೆ ಕಾಣತೊಡಗಿತು; ನೂರು ದಿನ ಓಡುವ ಕಾಲ ಮುಗಿಯಿತು. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಟಾಕೀಸು ಬಾಗಿಲು ಹಾಕಿತು. ಅಕ್ಟೋಬರ್ 15ರಿಂದ ಅರ್ಧ ಆಸನಗಳಿಗೆ ಅನುಮತಿ ಸಿಕ್ಕಿದರೂ ಮಾಲೀಕರು ಲೆಕ್ಕ ಹಾಕಿ ಬೀಗ ತೆಗೆಯಲೇ ಇಲ್ಲ. ಈಗ ಅಲ್ಲಿ ಪೆಂಡಾಲ್ ಸಾಮಾನಿನ ಗೋದಾಮು ಇದೆ.