ಸೋದರಮಾವನ ರೈಲುಗಳಿಗೆ ಬೆಲೆ ಕಟ್ಟುವುದು ಹೇಗೆ?

ಪ್ರಶ್ನೆ: ಬರ್ಮಿಂಗ್‌ಹ್ಯಾಮ್‌ನಲ್ಲಿದ್ದ ಸೋದರಮಾವ ತೀರಿಕೊಂಡರು. ಅಟ್ಟದ ತುಂಬಾ ಹಾರ್ನ್‌ಬಿ ಡಬ್ಲೊ ಬ್ರ್ಯಾಂಡಿನ ಪುಟಾಣಿ ಆಟಿಕೆ ರೈಲುಗಳಿವೆ. ಆಸ್ತಿ ಲೆಕ್ಕಕ್ಕೆ ಎಷ್ಟು ಅಂತ ಬರೆಯಲಿ?

ಉತ್ತರ: ಮೊದಲು ಏನನ್ನೂ ಉಜ್ಜಿ ತೊಳೆಯಬೇಡಿ, ಡಬ್ಬಿಗಳನ್ನಂತೂ ಎಸೆಯಲೇಬೇಡಿ. ಅಂಚು ಸವೆದ ನೀಲಿ ರಟ್ಟಿನ ಡಬ್ಬಿಯೂ ಬೆಲೆ ಏರಿಸುತ್ತದೆ. ಬ್ರಿಟನ್‌ನಲ್ಲಿ ತೀರಿಕೊಂಡವರ ಆಸ್ತಿಯ ಮೇಲಿನ ತೆರಿಗೆಗೆ ಬೇಕಾದದ್ದು ಮಾವ ತೀರಿಕೊಂಡ ದಿನ ಮಾರಿದ್ದರೆ ಮಾರುಕಟ್ಟೆಯಲ್ಲಿ ಸಿಗುತ್ತಿದ್ದ ದುಡ್ಡು, ವಿಮೆ ಪತ್ರದಲ್ಲಿರುವ ಮೊತ್ತ ಅಲ್ಲ, ಅದು ಸಾಮಾನ್ಯವಾಗಿ ಜಾಸ್ತಿಯೇ ಇರುತ್ತದೆ. ಇಬೇ ಎಂಬ ಆನ್‌ಲೈನ್ ಮಾರಾಟ ತಾಣದಲ್ಲಿ ಮಾರುವವರು ಕೇಳಿದ ಬೆಲೆ ಸುಮ್ನೆ ನಂಬಬೇಡಿ, ಮಾರಾಟವಾದ ಬೆಲೆ ನೋಡಿ. ಈ ರೈಲುಗಳು ಶುರುವಾಗಿದ್ದು 1938ರಲ್ಲಿ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಇಂಜಿನ್ ಸಿಕ್ಕರೆ ತಿರುಗಿಸಿ ನೋಡಿ, ಲೋಹದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಬೆಲೆ ಇಳಿಯುತ್ತದೆ. ಹಳೇ ಆಟಿಕೆ ಹರಾಜು ಹಾಕುವವರಿಂದ ಅಂದಾಜನ್ನು ಬರಹದಲ್ಲೇ ಪಡೆಯಿರಿ. ಮಾವನಿಗೆ ತುಂಬಾ ಇಷ್ಟವಾಗಿದ್ದ ಒಂದು ಇಂಜಿನ್ ಮನೆಯಲ್ಲೇ ಉಳಿಯಲಿ, ಅಲ್ವಾ? ಅದನ್ನೂ ಲೆಕ್ಕದಲ್ಲಿ ತೋರಿಸಿ.