ಕೇಳಿ, ಹೇಳ್ತೀವಿ: ಒಂದೇ ಚಮಚದ ಕೋಣೆ ಇರುವ ಊರು

ಪ್ರ: ವಿಚ್ಛೇದನ ಕೇಳಲು ಬಂದ ಗಂಡ ಹೆಂಡತಿಯನ್ನು ಚರ್ಚಿನ ಕೋಣೆಯಲ್ಲಿ ಕೂಡಿಹಾಕುತ್ತಿದ್ದ ಊರು ರೊಮೇನಿಯಾದಲ್ಲಿದೆ ಅಂತ ವಾಟ್ಸಾಪಿನಲ್ಲಿ ಬಂದಿತ್ತು. ನಿಜವಾ, ಸುಮ್ನೆ ಕಟ್ಟಿದ ಕಥೆಯಾ?
(ಓದುಗರು, ಸಾಗರ)

ಉ: ಊರು ನಿಜ. ಹೆಸರು ಬಿಯೆರ್ತಾನ್. ಕೋಣೆಯೂ ಇದೆ, ಈಗ ಬಂದವರಿಗೆಲ್ಲ ತೋರಿಸುತ್ತಾರೆ. ಒಂದು ಮಂಚ, ಒಂದು ಮೇಜು, ಒಂದೇ ತಟ್ಟೆ, ಒಂದೇ ಚಮಚ. ಎರಡು ವಾರ ಅದರಲ್ಲೇ ಇರಬೇಕಿತ್ತಂತೆ, 300 ವರ್ಷದಲ್ಲಿ ಒಂದೇ ಒಂದು ಜೋಡಿ ಬೇರೆಯಾಯಿತಂತೆ. ಈ 'ಅಂತೆ'ಗಳು ಊರಿನವರು ಹೇಳುವ ಮಾತು. ಲೆಕ್ಕವನ್ನು ನಾನಂತೂ ಹಾಗೇ ನುಂಗುವುದಿಲ್ಲ. ಎರಡು ವಾರ ಒಂದೇ ಚಮಚದಲ್ಲಿ ಉಂಡವರು 'ಸರಿಹೋಗಿದ್ದೇವೆ' ಅಂತ ಹೇಳಿ ಹೊರಬರುವುದು ಒಂದು, ನಿಜವಾಗಿ ಸರಿಹೋಗುವುದು ಇನ್ನೊಂದು. ಹೊಡೆಯುವ ಗಂಡನ ಜೊತೆ ಒಳಗಿದ್ದ ಹೆಂಗಸಿನ ಪಾಡೇನು ಅಂತ ಈ ಕಥೆ ಫಾರ್ವರ್ಡ್ ಮಾಡುವವರು ಯಾರೂ ಕೇಳುವುದಿಲ್ಲ, ಅಲ್ವಾ?

ಪ್ರ: ಬಿಯೆರ್ತಾನ್ ಎಲ್ಲಿದೆ? ಹಳ್ಳಿಯೋ, ಪಟ್ಟಣವೋ?
(ಓದುಗರು, ಹಾಸನ)

ಉ: ಹಳ್ಳಿಯೇ. ರೊಮೇನಿಯಾದ ನಡುಭಾಗದ ಟ್ರಾನ್ಸಿಲ್ವೇನಿಯಾದಲ್ಲಿ, ಸಿಬಿಯು ಜಿಲ್ಲೆಗೆ ಸೇರಿದೆ. ಅಲ್ಲಿ ಕೆಲವು ಹಳ್ಳಿ ಸೇರಿಸಿ ಒಂದು ಆಡಳಿತ ಮಾಡುತ್ತಾರೆ, ಅದಕ್ಕೆ 'ಕೊಮೂನಾ' ಅಂತಾರೆ, ಹೆಚ್ಚುಕಡಿಮೆ ನಮ್ಮ ಗ್ರಾಮ ಪಂಚಾಯಿತಿ ಇದ್ದ ಹಾಗೆ. ಇದರಲ್ಲಿ ಮೂರು ಹಳ್ಳಿ: ಬಿಯೆರ್ತಾನ್, ಕೋಪ್ಶಾ ಮಾರೆ, ರಿಕಿಶ್. ಮೂರೂ ಸೇರಿದರೂ ಜನ ಮೂರು ಸಾವಿರ ದಾಟುವುದಿಲ್ಲ. ಮೆದಿಯಾಶ್ ಮತ್ತು ಸಿಗಿಶೊಆರಾ ಎಂಬ ಎರಡು ಪಟ್ಟಣಗಳ ನಡುವಿನ ದಾರಿಯಿಂದ ಒಳಕ್ಕೆ ತಿರುಗಬೇಕು. ಸುತ್ತ ಗುಡ್ಡ. ಗುಡ್ಡದ ಮೈಗೆ ಮೆಟ್ಟಿಲು ಕಡಿದ ಗುರುತು ಈಗಲೂ ಕಾಣುತ್ತದೆ, ಹಿಂದೆ ಅಲ್ಲೆಲ್ಲ ದ್ರಾಕ್ಷಿ ಬೆಳೆಯುತ್ತಿದ್ದರು. ಊರಿನ ದುಡ್ಡು ಬಂದದ್ದೇ ಆ ವೈನಿನಿಂದ.

ಪ್ರ: ಫೋಟೋ ನೋಡಿದೆ. ಅದು ಚರ್ಚೋ, ಕೋಟೆಯೋ?
(ಓದುಗರು, ಚಿತ್ರದುರ್ಗ)

ಉ: ಚಿತ್ರದುರ್ಗದವರೇ ಕೇಳಿದ್ದೀರಿ, ನಿಮಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಎರಡೂ ಹೌದು. ದಿಬ್ಬದ ಮೇಲೆ ಚರ್ಚು, ಸುತ್ತ ಮೂರು ಸುತ್ತಿನ ಗೋಡೆ, ನಡುನಡುವೆ ಬುರುಜು. ಆದರೆ ಇದನ್ನು ಯಾವ ದೊರೆಯೂ ಕಟ್ಟಿಸಿದ್ದಲ್ಲ, ರೈತರೇ ಕಟ್ಟಿಕೊಂಡದ್ದು. ನನಗೆ ಇಡೀ ಊರಿನಲ್ಲಿ ಜಾಸ್ತಿ ಇಷ್ಟವಾದ ವಿಷಯ ಇದೇ.

12ನೇ ಶತಮಾನದಲ್ಲಿ ಈ ಸೀಮೆ ಹಂಗೇರಿಯ ಕೈಯಲ್ಲಿತ್ತು. ಅಲ್ಲಿಯ ರಾಜ ಎರಡನೇ ಗೇಜಾ ತನ್ನ ಗಡಿ ಕಾಯಲು, ಕಾಡು ಕಡಿದು ಉಳಲು ರೈನ್ ನದಿಯ ಕಡೆಯಿಂದ, ಲಕ್ಸೆಂಬರ್ಗ್ ಕಡೆಯಿಂದ ಜರ್ಮನ್ ಮಾತಾಡುವ ಜನರನ್ನು ಕರೆಸಿದ. ಅವರಿಗೆ ಸ್ಯಾಕ್ಸನ್ನರು ಅಂತ ಹೆಸರು ಬಿತ್ತು, ಹೆಚ್ಚಿನವರು ಸ್ಯಾಕ್ಸನಿಯವರೇ ಅಲ್ಲದಿದ್ದರೂ. ಅವರು ಯಾವ ಜಮೀನ್ದಾರನ ಆಳೂ ಅಲ್ಲ, ರಾಜನಿಗೆ ತೆರಿಗೆ ಕೊಡುವ ಸ್ವತಂತ್ರ ರೈತರು. ಬಿಯೆರ್ತಾನ್ ಹೆಸರು ಕಾಗದದಲ್ಲಿ ಮೊದಲು ಸಿಗುವುದು 1283ರಲ್ಲಿ. ಜಮೀನ್ದಾರ ಇಲ್ಲ ಅಂದರೆ ಸುಖ, ಆದರೆ ತುರ್ಕರ ದಂಡು ಬಂದಾಗ ಓಡಿಹೋಗಿ ಸೇರಿಕೊಳ್ಳಲು ಅವನ ಕೋಟೆಯೂ ಇಲ್ಲ! ಊರಲ್ಲಿದ್ದ ಗಟ್ಟಿ ಕಟ್ಟಡ ಅಂದರೆ ಚರ್ಚು, ಅದಕ್ಕೇ ಗೋಡೆ ಹಾಕಿದರು. ಈಗಿರುವ ಚರ್ಚು 16ನೇ ಶತಮಾನದ ಮೊದಲ ದಶಕಗಳಲ್ಲಿ ಮುಗಿದದ್ದು. ಸ್ವಲ್ಪ ದಿನದಲ್ಲೇ ಊರು ಕ್ಯಾಥೊಲಿಕ್ ಪಂಥ ಬಿಟ್ಟು ಲೂಥರನ ಪ್ರೊಟೆಸ್ಟೆಂಟ್ ಪಂಥಕ್ಕೆ ಬಂತು, 1572ರಿಂದ 1867ರವರೆಗೆ ಟ್ರಾನ್ಸಿಲ್ವೇನಿಯಾದ ಲೂಥರನ್ ಬಿಷಪ್ ಕೂರುತ್ತಿದ್ದದ್ದು ಇದೇ ಹಳ್ಳಿಯಲ್ಲಿ. ಹಳೆ ಪಂಥ ಬಿಡದವರಿಗೆ ಗೋಡೆಯ ಒಂದು ಬುರುಜನ್ನೇ ಬಿಟ್ಟುಕೊಟ್ಟಿದ್ದರು. ಅದಕ್ಕೆ ಇವತ್ತಿಗೂ ಕ್ಯಾಥೊಲಿಕ್ ಬುರುಜು ಅಂತಲೇ ಹೆಸರು, ಒಳಗೆ ಹಳೆ ಚಿತ್ರಗಳಿವೆ.

ಒಳಗೆ ಹೋದರೆ ಎಲ್ಲರೂ ದೊಡ್ಡ ಬಲಿಪೀಠದ ಚಿತ್ರ ನೋಡುತ್ತಾರೆ. ನೀವು ಪಕ್ಕದ ಕೋಣೆಯ ಬಾಗಿಲು ನೋಡಿ. ಪೂಜೆಯ ಸಾಮಾನು, ಬೆಲೆಬಾಳುವ ವಸ್ತು ಇಡುತ್ತಿದ್ದ ಕೋಣೆ ಅದು, ಬಾಗಿಲು 1515ರದ್ದು. ಒಂದೇ ಕೀಲಿಕೈ ತಿರುಗಿಸಿದರೆ ಹತ್ತಕ್ಕೂ ಹೆಚ್ಚು ಅಗುಳಿಗಳು ನಾಲ್ಕೂ ಕಡೆಯ ಚೌಕಟ್ಟಿಗೆ ಹೋಗಿ ಕೂರುತ್ತವೆ. ಇದನ್ನು 1900ರ ಪ್ಯಾರಿಸ್ ವಿಶ್ವ ಮೇಳದಲ್ಲೂ ಇಟ್ಟಿದ್ದರು.

ಪ್ರ: ಡ್ರಾಕುಲಾ ಇಲ್ಲಿಯವನಾ?
(ಓದುಗರು, ಬೆಂಗಳೂರು)

ಉ: ಅಲ್ಲ ಮಾರಾಯರೇ. ಟ್ರಾನ್ಸಿಲ್ವೇನಿಯಾ ಅಂದ ಕೂಡಲೇ ಇದೇ ಪ್ರಶ್ನೆ.

ಪ್ರ: ಆ ಸ್ಯಾಕ್ಸನ್ನರು ಈಗಲೂ ಇದ್ದಾರಾ?
(ಓದುಗರು, ಧಾರವಾಡ)

ಉ: ಬೆರಳೆಣಿಕೆಯಷ್ಟು. ಎಂಟು ನೂರು ವರ್ಷ ಇದ್ದವರು ಒಂದು ತಲೆಮಾರಿನಲ್ಲಿ ಖಾಲಿಯಾದರು. 1945ರ ಜನವರಿಯಲ್ಲಿ ರೊಮೇನಿಯಾದ ಜರ್ಮನ್ ಮಾತಾಡುವ ಹರೆಯದ ಗಂಡಸರು, ಹೆಂಗಸರನ್ನು ಸಾವಿರ ಸಾವಿರ ಸಂಖ್ಯೆಯಲ್ಲಿ ಸೋವಿಯತ್ ಗಣಿಗಳಿಗೆ, ಕಾರ್ಖಾನೆಗಳಿಗೆ ದುಡಿಸಲು ಸಾಗಿಸಿದರು. ಆಮೇಲೆ ಜಮೀನು ಹೋಯಿತು. ಕಮ್ಯುನಿಸ್ಟ್ ಸರ್ವಾಧಿಕಾರಿ ಚೌಶೆಸ್ಕು ಕಾಲದಲ್ಲಿ ಹೊರಟವರ ತಲೆಗಿಷ್ಟು ಅಂತ ಪಶ್ಚಿಮ ಜರ್ಮನಿ ದುಡ್ಡು ಕೊಡುತ್ತಿತ್ತು, ಅವನು ಅದನ್ನು ತೆಗೆದುಕೊಂಡು ಅವರನ್ನು ಹೋಗಲು ಬಿಡುತ್ತಿದ್ದ. 1989ರ ಡಿಸೆಂಬರಿನಲ್ಲಿ ಅವನು ಬಿದ್ದ. ಮರುವರ್ಷ ಒಂದರಲ್ಲೇ ದೇಶದಿಂದ ಒಂದು ಲಕ್ಷಕ್ಕೂ ಹೆಚ್ಚು ಜರ್ಮನ್ನರು ಹೊರಟರು. ಬೀದಿಗೆ ಬೀದಿಯೇ ಬಿಟ್ಟುಹೋದ ಹಳ್ಳಿಗಳಿದ್ದವು. ಒಂದಕ್ಕೊಂದು ಅಂಟಿದ ಮನೆ, ಗಾಡಿ ನುಗ್ಗುವಷ್ಟು ದೊಡ್ಡ ಹೆಬ್ಬಾಗಿಲು, ಒಳಗೆ ಉದ್ದನೆಯ ಅಂಗಳ, ಕೊನೆಗೆ ಕಣಜ, ಅದರ ಹಿಂದೆ ತೋಟ: ಸ್ಯಾಕ್ಸನ್ ಹಳ್ಳಿಯ ಮನೆ ಇರುವುದೇ ಹೀಗೆ, ಈಗ ಅವುಗಳಲ್ಲಿ ಹೆಚ್ಚಾಗಿ ರೊಮೇನಿಯನ್ನರು, ರೋಮಾ (ಹಿಂದೆ ಜಿಪ್ಸಿಗಳು ಅನ್ನುತ್ತಿದ್ದ) ಜನ ಇದ್ದಾರೆ.

ವಿಚಿತ್ರ ನೋಡಿ, ಯುನೆಸ್ಕೊ ಬಿಯೆರ್ತಾನನ್ನು ಪಾರಂಪರಿಕ ಪಟ್ಟಿಗೆ ಸೇರಿಸಿದ್ದು 1993ರಲ್ಲಿ, ಕಟ್ಟಿದವರ ಮಕ್ಕಳು ಗಂಟುಮೂಟೆ ಕಟ್ಟಿದ ಮೇಲೆ. 1999ರಲ್ಲಿ ಇನ್ನೂ ಆರು ಹಳ್ಳಿ ಸೇರಿ ಒಟ್ಟು ಏಳಾದವು. ಹೋದವರು ಪೂರ್ತಿ ಹೋಗಿಲ್ಲ ಅನ್ನಿ, ಎಷ್ಟೋ ಸೆಪ್ಟೆಂಬರುಗಳಲ್ಲಿ ಜರ್ಮನಿಯಿಂದ ಬಂದು ಈ ಗೋಡೆಯ ಕೆಳಗೆ ಸೇರಿದ್ದಾರೆ.

ನೋಡಲು ಹೋಗುವವರಿಗೆ ಒಂದು ಮಾತು: ಬಸ್ಸುಗಳು ಬಿಯೆರ್ತಾನಿನಲ್ಲಿ ನಿಂತು, ಚಮಚದ ಕೋಣೆ ತೋರಿಸಿ, ವಾಪಸ್ ಹೊರಡುತ್ತವೆ. ರಿಕಿಶ್‌ಗೂ ಹೋಗಿ. ಅಲ್ಲಿಯ ಚರ್ಚಿನೊಳಗೆ ಕಲ್ಲಿನಲ್ಲಿ ಕೆತ್ತಿದ ಮುಖಗಳಿವೆ, ಮೈಯೆಲ್ಲ ಎಲೆ, ಬಾಯಿಂದಲೂ ಬಳ್ಳಿ. ಕತ್ತೆತ್ತಿ ನೋಡಿ, ಒಂದು ಸಿಕ್ಕರೆ ಹತ್ತಿರದಲ್ಲೇ ಇನ್ನೊಂದು ಇರುತ್ತದೆ.